ಪಿಲ್ಬಿಗೆ ಒಂದು ಮನೆ

ಹಾಬ್ ಪಿಲ್ಬಿಯಲ್ಲಿ ಕುರಿ ಕಾಯುತ್ತಿದ್ದ. ಪಿಲ್ಬಿ ಅಂದರೆ ಆಗ ಊರಲ್ಲ, ಬರೀ ಹುಲ್ಲು. ನಮ್ಮೂರು ದಾಟಿ ಲೆಸ್ಟರಿನ ದಾರಿಯಲ್ಲಿ ಎರಡು ಮೈಲಿ ನಡೆದರೆ ಎಡಕ್ಕೆ ಸಿಗುತ್ತಿತ್ತು. ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮೊದಲು ಅಲ್ಲಿ ಹನ್ನೆರಡು ಮನೆ, ಸಣ್ಣದೊಂದು ಚರ್ಚು, ದನಕ್ಕೆ ನೀರು ಕುಡಿಸುವ ಹೊಂಡ, ಅರವತ್ತು ಚಿಲ್ಲರೆ ಜನ ಇದ್ದರು. ಉಣ್ಣೆಯ ಬೆಲೆ ಏರಿತು. ಧಣಿಗಳಿಗೆ ಗೋಧಿ ಬೆಳೆಯುವ ಜನಕ್ಕಿಂತ ಹುಲ್ಲು ಮೇಯುವ ಕುರಿ ವಾಸಿ ಅನ್ನಿಸಿತು. ಚಳಿ ಶುರುವಾಗುವ ಹೊತ್ತಿಗೆ, ಸಂತ ಮಾರ್ಟಿನನ ಹಬ್ಬ ಕಳೆದ ಮರುದಿನವೇ ಎಲ್ಲರನ್ನೂ ಎಬ್ಬಿಸಿದರು.

ಜನ ತಿರುಗಿ ಬಾರದ ಹಾಗೆ ಸೂರು ಕೀಳಿಸಬೇಕಿತ್ತು. ಯಾರು ಕೈ ಹಚ್ಚುತ್ತಾರೋ ಅವರಿಗೆ ಕುರಿ ಕಾಯುವ ಕೆಲಸ ಖಾಯಂ ಅಂದರು. ಹಾಬ್‌ಗೆ ಆಗ ಇಪ್ಪತ್ತಾರು ವರ್ಷ, ಮದುವೆ ಆಗಿರಲಿಲ್ಲ. ಅವನು ನಾಲ್ಕು ಮನೆಯ ಸೂರು ಕಿತ್ತ. ನಾಲ್ಕನೆಯದು ಅವನ ಸ್ವಂತ ಅಣ್ಣ ಪಿಯರ್ಸ್‌ನದು. ಪಿಯರ್ಸ್, ಅವನ ಹೆಂಡತಿ ಏಮಿಸ್, ಇಬ್ಬರು ಮಕ್ಕಳು ಗಂಟುಮೂಟೆ ಹೊತ್ತುಕೊಂಡು ಕಾವೆಂಟ್ರಿ ಪೇಟೆಯ ಕಡೆ ನಡೆದರು. ಆಮೇಲೆ ಅವರ ಸುದ್ದಿ ಬರಲಿಲ್ಲ.

ಚರ್ಚಿನ ಕಲ್ಲುಗಳನ್ನು ಧಣಿಗಳ ಕುರಿದೊಡ್ಡಿಗೆ ಸಾಗಿಸಿದ್ದರು. ಉಳಿದಿದ್ದ ಒಂದು ಮೂಲೆಗೆ ಮಾಡು ಹಾಕಿಕೊಂಡು ಹಾಬ್ ಅಲ್ಲೇ ಇದ್ದ. ಭಾನುವಾರ ನಮ್ಮೂರಿನ ಚರ್ಚಿಗೆ ಬಂದು ಹಿಂದಿನ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಪೂಜೆ ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದ. ಯಾರೂ ಅವನನ್ನು ಬೈಯುತ್ತಿರಲಿಲ್ಲ, ಮಾತಾಡಿಸುತ್ತಲೂ ಇರಲಿಲ್ಲ.

ಇಂಗ್ಲೆಂಡಿಗೆ ದೊರೆಯಾಗಿ ಎಂಟನೇ ಹೆನ್ರಿ ಪಟ್ಟಕ್ಕೆ ಬಂದು ಒಂಬತ್ತು ವರ್ಷ ಆಗಿತ್ತು. ಆ ವರ್ಷ ಸುಗ್ಗಿ ಮುಗಿದ ಮೇಲೆ ಧಣಿಗಳ ಪಾರುಪತ್ಯಗಾರ ಜೆರ್ವಿಸ್ ಕುದುರೆ ಏರಿ ಪಿಲ್ಬಿಗೆ ಬಂದ. ಮಂಡಿ ನೋವಿನ ಮನುಷ್ಯ, ಇಳಿಯಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಗಿಣ್ಣಿನ ಗಡ್ಡೆಯೊಂದನ್ನು ಮೇಲಿಂದಲೇ ಕೊಟ್ಟ.

"ಲೆಸ್ಟರಿಗೆ ದೊರೆ ಕಡೆಯೋರು ಬರ್ತಾರಂತೆ. ಯಾವ್ಯಾವ ಊರು ಯಾರು ಕೆಡವಿದ್ರು ಅಂತ ಪ್ರಮಾಣ ಮಾಡ್ಸಿ ಕೇಳ್ತಾರೆ. ನಿನ್ನ ಹೆಸರೂ ಬಂದಿದೆ."

"ನಂದ್ಯಾಕೆ?"

"ಪಿಲ್ಬಿಯೋರು ಅಂತ ಉಳಿದಿರೋನು ನೀನೊಬ್ಬನೇ ಅಲ್ವೇನಯ್ಯ. ಕುರಿ ಹತ್ರ ಪ್ರಮಾಣ ಮಾಡ್ಸಕ್ಕಾಗುತ್ತಾ?"

"ಏನು ಹೇಳ್ಬೇಕು ಹೇಳಿ."

"ಮೂರು ಮಾತು. ರೋಗ ಬಂದು ಅರ್ಧ ಜನ ಸತ್ರು. ಮಿಕ್ಕೋರು ತಾವೇ ಬಿಟ್ಟು ಹೋದ್ರು. ಮನೆ ನೋಡ್ಕೊಳ್ಳೋರಿಲ್ದೆ ತಾವಾಗೇ ಬಿದ್ದೋದ್ವು. ಕುರಿ ಹಿಂದೆ ಓಡಾಡ್ತಾ ಬಾಯಿಪಾಠ ಮಾಡ್ಕೋ."

ಹಾಬ್ ಆಗಲಿ ಅಂದ. ಇಪ್ಪತ್ತನಾಲ್ಕು ವರ್ಷದಿಂದ ಅವನು ಜೆರ್ವಿಸ್‌ಗೆ ಕೊನೆಗೆ ಕೊಡುತ್ತಿದ್ದ ಉತ್ತರ ಅದೊಂದೇ.

ನಾಲ್ಕು ದಿನ ಕಳೆದು, ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ, ದಾರಿಯ ಕಡೆಯಿಂದ ಒಬ್ಬ ಹೆಂಗಸು ಬೇಲಿ ಸಂದಿಯಲ್ಲಿ ತೂರಿ ಬಂದಳು. ಕಾಲಿಗೆ ಚಿಂದಿ ಸುತ್ತಿಕೊಂಡಿದ್ದಳು. ಬೆನ್ನು ಬಾಗಿತ್ತು. ಬೆರಳುಗಳ ತುಂಬ ಸಣ್ಣ ಸಣ್ಣ ಗಾಯದ ಗೀರು, ಉಣ್ಣೆ ಬಾಚುವವರ ಕೈಯಲ್ಲಿ ಇರುತ್ತವಲ್ಲ, ಹಾಗೆ.

"ಇಲ್ಲಿ ಕುರಿ ಕಾಯೋ ಹಾಬ್ ಅಂತ ಒಬ್ಬ ಇದ್ದ," ಅಂದಳು.

"ನಾನೇ."

ಅವಳು ದಿಟ್ಟಿಸಿ ನೋಡಿದಳು. "ಮುದುಕ ಆಗಿಬಿಟ್ಟಿದೀಯಲ್ಲೋ."

ಆಗ ಅವನಿಗೆ ಧ್ವನಿಯ ಗುರುತು ಹತ್ತಿತು. "ಅತ್ತಿಗೆ," ಅಂದ. ಕೂರಲು ಕಂಬಳಿ ಹಾಸಿಕೊಟ್ಟು, "ಅಣ್ಣ ಹೇಗಿದಾನೆ?" ಅಂದ.

"ಹೋಗಿ ಹನ್ನೊಂದು ವರ್ಷ ಆಯ್ತು. ಎದೇಲಿ ಕಫ ಕಟ್ಟಿ ಹೋದ. ನಿನಗೆ ಹೇಳಿ ಕಳಿಸ್ಲಾ ಅಂದೆ, ಬೇಡ ಅಂದ."

ಮಕ್ಕಳಲ್ಲಿ ಒಬ್ಬಳು ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಇನ್ನೊಬ್ಬ ಹಡಗಿನ ಕೆಲಸಕ್ಕೆ ಹೋದವನು ಬರಲಿಲ್ಲ. ಅದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ವಿಷಯದ ಹಾಗೆ ಹೇಳಿದಳು. ಹಾಬ್ ಬಾರ್ಲಿ ರೊಟ್ಟಿ ಮತ್ತು ಗಿಣ್ಣು ಕೊಟ್ಟ. ತಿನ್ನುತ್ತ ಅವಳು ಸುತ್ತ ನೋಡಿದಳು.

"ಊರು ಕಾಣುತ್ತೆ ಅಂತ ಬೇಲಿ ದಾಟಿದೆ. ಊರೆಲ್ಲಿ?"

"ನೀನು ಕೂತಿರೋದು ಬೀದಿ ಅಂಚಲ್ಲೇ."

ಅವಳು ನಂಬಲಿಲ್ಲ. ಹಾಬ್ ಎದ್ದು ಕರೆದುಕೊಂಡು ಹೋದ. ಹುಲ್ಲಿನ ನಡುವೆ ಎರಡಾಳು ಅಗಲದ ಒಂದು ತಗ್ಗು ಸೊಟ್ಟಸೊಟ್ಟಗೆ ಹೊಂಡದ ತನಕ ಇಳಿದಿತ್ತು, ಅದೇ ಬೀದಿ. ಅದರ ಎರಡೂ ಕಡೆ ಜಗಲಿಯಷ್ಟು ಎತ್ತರದ ಚೌಕ ದಿಬ್ಬಗಳು. ಅದರಾಚೆ ಹೊಲಗಳ ನೇಗಿಲ ಸಾಲು ಹಾಗೆಯೇ ಇದ್ದವು, ಏರು ತಗ್ಗು ಏರು ತಗ್ಗು, ಮೇಲೆ ಮಾತ್ರ ಹುಲ್ಲು. ಗೊತ್ತಿಲ್ಲದವರಿಗೆ ಅದು ಉಬ್ಬುತಗ್ಗಿನ ಬಯಲು, ಅಷ್ಟೇ. ಹಾಬ್‌ಗೆ ಗೊತ್ತಿತ್ತು. ಮಳೆಗಾಲದಲ್ಲಿ ಕುರಿಗಳು ಒಣನೆಲ ಅಂತ ಮನೆಯ ದಿಬ್ಬಗಳ ಮೇಲೇ ಮಲಗುತ್ತಿದ್ದವು. ತಿಪ್ಪೆ ಇದ್ದ ಕಡೆ ತುರಿಕೆ ಗಿಡ ಸೊಂಟದುದ್ದ ಬೆಳೆಯುತ್ತಿತ್ತು. ಬಿಸಿಲು ಜೋರಾದ ವರ್ಷ ಗೋಡೆಯ ತಳ ಇದ್ದಷ್ಟು ಜಾಗದ ಹುಲ್ಲು ಮಾತ್ರ ಹಳದಿಗೆ ತಿರುಗಿ, ಬಾಗಿಲು ಎಲ್ಲಿತ್ತು ಅನ್ನುವುದೂ ಕಾಣುತ್ತಿತ್ತು.

"ಇದು ನಿಮ್ಮದು," ಅಂದ.

ಏಮಿಸ್ ದಿಬ್ಬ ಹತ್ತಿ ನಿಂತಳು. ಒಂದು ಕಡೆ ಐದು ಹೆಜ್ಜೆ, ಇನ್ನೊಂದು ಕಡೆ ಎಂಟು ಹೆಜ್ಜೆ ಇಟ್ಟಳು. "ಇಷ್ಟು ಸಣ್ಣದಿತ್ತಾ?" ಅಂದಳು. ಆಮೇಲೆ ಅಲ್ಲೇ ಕುಕ್ಕರಿಸಿದಳು.

"ಸೂರು ಕಿತ್ತಿದ್ದು ನಾನು," ಅಂದ ಹಾಬ್.

"ಗೊತ್ತಿಲ್ವಾ ನನಗೆ? ಕಣ್ಣೆದುರಿಗೇ ಕಿತ್ತೆ. ಕೊನೇ ತೊಲೆ ಇಳಿಸ್ತಿರುವಾಗ ಪಿಯರ್ಸ್ ನಿನಗೆ, ಹುಷಾರು ಕಣೋ, ಕಾಲಿನ ಮೇಲೆ ಹಾಕ್ಕೊಂಡೀಯ ಅಂದ. ನೆನಪಿದೆಯಾ?"

"ಇದೆ."

"ಆಮೇಲೆ ನಿನ್ನ ಹೆಸರೇ ಎತ್ತಲಿಲ್ಲ ಅವನು."

"ಬೈದುಬಿಡು ಅತ್ತಿಗೆ."

"ಎರಡು ದಿನ ನಡ್ಕೊಂಡು ಬಂದಿದೀನಿ. ಬೈಯೋಕೆ ಉಸಿರಿಲ್ಲ." ಅವಳು ಕಾಲಿನ ಚಿಂದಿ ಬಿಚ್ಚಿ ಹಿಂಡಿ ಮತ್ತೆ ಸುತ್ತಿಕೊಂಡಳು. "ದೊರೆ ಕಡೆಯೋರು ಕೇಳ್ತಾರಂತೆ ಅಂತ ಕಾವೆಂಟ್ರೀಲಿ ಮಾತಾಡ್ಕೋತಿದ್ರು. ಉಣ್ಣೆ ಬಾಚೋ ಮುದುಕಿ ಮಾತು ಯಾರಿಗೆ ಬೇಕು. ನಿನ್ನ ಕರೀತಾರೆ. ನಿಜ ಹೇಳು."

"ಹೇಳಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಆದ್ರೂ ಹೇಳು."

ಎರಡು ದಿನ ಕಾಲು ಆರಿಸಿಕೊಂಡು ಅವಳು ಹೊರಟು ಹೋದಳು. ಹೆಚ್ಚು ದಿನ ತಪ್ಪಿಸಿದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಲೆಸ್ಟರಿನಲ್ಲಿ ದೊರೆ ಕಡೆಯವರು ಕೂತಿದ್ದ ಸಭಾಂಗಣದಲ್ಲಿ ಹತ್ತಾರು ಊರಿನವರು ಗೋಡೆಗೆ ಒರಗಿ ಕಾಯುತ್ತಿದ್ದರು. ಹಾಬ್‌ನ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬರೆದುಕೊಳ್ಳುವ ಗುಮಾಸ್ತನಿಗೆ ನೆಗಡಿ. ಅವನು ತಲೆಯೆತ್ತದೆ ಕೇಳಿದ.

"ಎಷ್ಟು ಮನೆ?"

"ಹನ್ನೆರಡು. ಹೊಂಡದ ಹತ್ರ ಮಾರ್ಟಿನ್ ರೀವ್‌ದು, ಪಕ್ಕಕ್ಕೆ ಸಿಬಿಲ್‌ದು, ಅದರ ಮುಂದೆ..."

"ಹೆಸರು ಬೇಡಪ್ಪ, ಸಂಖ್ಯೆ ಸಾಕು. ತಾವಾಗಿ ಬಿದ್ವೋ, ಕೆಡವಿದ್ರೋ?"

ಹಿಂದಿನ ಸಾಲಿನಲ್ಲಿ ಜೆರ್ವಿಸ್ ಕೆಮ್ಮಿದ್ದು ಕೇಳಿಸಿತು. ಮೂರು ಮಾತೂ ಹಾಬ್‌ನ ನಾಲಿಗೆಯ ತುದಿಯಲ್ಲೇ ಇದ್ದವು. ಅವನಿಗೆ ಧೈರ್ಯ ಬಂತು ಅಂತ ನಾನು ಹೇಳಲಾರೆ. ತನಗೆ ಆ ಕ್ಷಣ ಅನ್ನಿಸಿದ್ದು ಸುಸ್ತು ಮಾತ್ರ, ಸುಳ್ಳನ್ನು ಹೊತ್ತುಕೊಂಡು ಆ ದಾರಿಯಲ್ಲಿ ವಾಪಸು ನಡೆಯಲು ಕಾಲಲ್ಲಿ ಕಸುವಿರಲಿಲ್ಲ ಅಂತ ಆಮೇಲೆ ಅವನೇ ಏಮಿಸ್‌ಗೆ ಹೇಳಿದ್ದ.

"ಕೆಡವಿದ್ರು. ಧಣಿಗಳ ಅಪ್ಪಣೆ. ಜನ ಅಳ್ತಾ ಹೋದ್ರು. ಹನ್ನೆರಡರಲ್ಲಿ ನಾಲ್ಕು ನಾನು ಕೆಡವಿದೆ."

ಗುಮಾಸ್ತ ಆಗ ತಲೆಯೆತ್ತಿದ. "ನಿನ್ನ ವಿಷಯ ನಾನು ಕೇಳ್ಲಿಲ್ಲವಲ್ಲ."

"ಬರ್ಕೊಳ್ಳಿ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ. ಮುಂದಿನೋರು ಬನ್ನಿ."

ಹೊರಗೆ ಜೆರ್ವಿಸ್ ಕುದುರೆ ಏರಲು ಕಲ್ಲು ಹುಡುಕುತ್ತಿದ್ದ. "ಮೂರು ಹೇಳ್ಕೊಟ್ಟಿದ್ದೆ," ಅಂದ. "ಒಂದಾದ್ರೂ ಹೇಳ್ಬಾರ್ದಿತ್ತೇನಯ್ಯ?" ಹಾಬ್ ಅವನ ಪಾದ ಹಿಡಿದು ಮೇಲೆ ಹತ್ತಿಸಿದ. ಜೆರ್ವಿಸ್ ಲಗಾಮು ಎಳೆದು ಹೊರಟ.

ಹಾಬ್ ಪಿಲ್ಬಿಗೆ ಬಂದವನೇ ಗಂಟು ಕಟ್ಟಿಟ್ಟ. ಕಂಬಳಿ, ಚಾಕು, ಬಟ್ಟಲು, ಉಣ್ಣೆ ಕತ್ತರಿ. ತನ್ನನ್ನು ಓಡಿಸಲು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಕಾದ. ಯಾರೂ ಬರಲಿಲ್ಲ. ಚಳಿಗಾಲ ಬಂತು. ಗಬ್ಬದ ಕುರಿಗಳ ಕೆಚ್ಚಲು ಬಿಗಿಯುವ ಕಾಲ ಬಂತು. ಕೊನೆಗೆ ತಡೆಯಲಾರದೆ ಅವನೇ ಜೆರ್ವಿಸ್‌ನನ್ನು ಕೇಳಿದ, "ನನ್ನ ಕೆಲಸದಿಂದ ಯಾವಾಗ ಬಿಡಿಸ್ತೀರಿ?"

"ಮರಿ ಹಾಕೋ ಕಾಲದಲ್ಲಿ ಕುರಿ ಕಾಯೋನ್ನ ಯಾರಾದ್ರೂ ಬಿಡಿಸ್ತಾರಾ? ಧಣಿಗಳಿಗೆ ಅದೆಲ್ಲ ಮರ್ತೇ ಹೋಗಿದೆ. ನಿನ್ನ ಹೆಸರೂ ಅವರಿಗೆ ಗೊತ್ತಿಲ್ಲ. ಹೋಗು, ಕೆಲಸ ನೋಡು."

ಹಾಬ್ ಗಂಟು ಬಿಚ್ಚಿದ. ಅವನಿಗೆ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಆ ವರ್ಷ ಅರವತ್ತೆರಡು ಮರಿ ಉಳಿದವು. ಅವನು ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಎರಡು ವರ್ಷ ಕಳೆದ ಮೇಲೆ ಲಂಡನ್ನಿನಿಂದ ಅಪ್ಪಣೆ ಬಂತು: ಕೆಡವಿದ ಮನೆಗಳನ್ನು ಮತ್ತೆ ಕಟ್ಟಿಸಬೇಕು, ನೆಲ ಉಳುಮೆ ಮಾಡಿಸಬೇಕು. ಧಣಿಗಳ ವಕೀಲರು ಎಲ್ಲೆಲ್ಲಿಗೋ ಓಡಾಡಿದರು. ಕೊನೆಗೆ ಒಂದು ಮಾಗಿ ಬೆಳಗ್ಗೆ ಆರು ಎತ್ತಿನ ನೇಗಿಲು ಪಿಲ್ಬಿಗೆ ಬಂತು. ಹಾಬ್ ಮುಂದಿನ ಜೋಡಿಯ ಹಗ್ಗ ಹಿಡಿದ. ಬಯಲಿನ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಸಾಲು ಹೊಡೆದರು. ಹೆಂಟೆಗಳ ಜೊತೆಗೆ ಕಪ್ಪಾದ ಒಲೆಗಲ್ಲು, ಮುರಿದ ಗಡಿಗೆಯ ಚೂರು ಮೇಲೆದ್ದವು.

"ಇನ್ನೊಂದು ಸಾಲು?" ಅಂದ ಹಾಬ್.

"ಸಾಕು. ನೇಗಿಲು ಬಿದ್ದಿದೆ ಅಂತ ಪ್ರಮಾಣ ಮಾಡೋಕೆ ಒಂದು ಸಾಕಂತೆ," ಅಂದ ಜೆರ್ವಿಸ್. "ಮನೇನೂ ಹಾಗೇ. ಒಂದು."

ಆ ಒಂದು ಮನೆ ಹತ್ತು ದಿನದಲ್ಲಿ ಎದ್ದಿತು. ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲು ಹೊದಿಕೆ. ಅದರಲ್ಲಿ ಇರುವವರು ಯಾರಾದರೂ ಬೇಕಿತ್ತು. ನೋಡಲು ಬರುವ ಅಧಿಕಾರಿಗೆ ಹೊಗೆ ಕಾಣಬೇಕಿತ್ತು. "ನಮ್ಮ ಅತ್ತಿಗೆ ಇದಾಳೆ," ಅಂದ ಹಾಬ್. ಜೆರ್ವಿಸ್‌ಗೆ ಯಾರಾದರೇನು. ಹೂಂ ಅಂದ.

ಹಾಬ್ ಕಾವೆಂಟ್ರಿಗೆ ನಡೆದ. ಕತ್ತಲೆಯ ಒಂದು ಕೊಟ್ಟಿಗೆಯಲ್ಲಿ ಆರೇಳು ಹೆಂಗಸರ ನಡುವೆ ಏಮಿಸ್ ಮಂಡಿಯ ಮೇಲೆ ಬಾಚಣಿಗೆ ಇಟ್ಟುಕೊಂಡು ಉಣ್ಣೆ ಎಳೆಯುತ್ತಿದ್ದಳು. ಅವನು ವಿಷಯ ಹೇಳಿದ. ಅವಳು ಕೈ ನಿಲ್ಲಿಸಲಿಲ್ಲ.

"ಯಾವ ಜಾಗದಲ್ಲಿ ಕಟ್ಟಿದಾರೆ?"

"ಮಾರ್ಜರಿ ಮನೆ ದಿಬ್ಬದ ಮೇಲೆ."

"ಥೂ. ಆ ಜಗಳಗಂಟಿ ಜಾಗವಾ? ನನ್ನ ಕೋಳಿ ಕದ್ದೋಳು. ನಮ್ಮ ಜಾಗ ಖಾಲಿ ಬಿದ್ದಿತ್ತಲ್ಲೋ."

"ದಾರಿಗೆ ಕಾಣ್ಬೇಕಿತ್ತಂತೆ."

"ಅಂದ್ರೆ ನಾನು ಬರೀ ಹೊಗೆ ಹಾಕೋಕೆ ಬರ್ಬೇಕು."

"ಹ್ಞೂ."

ಅವಳು ಒಂದು ಕಂತೆ ಮುಗಿಸಿ ಪಕ್ಕಕ್ಕಿಟ್ಟಳು. "ಸೌದೆ ಯಾರು ತರ್ತಾರೆ?"

"ನಾನು."

"ನೀರು?"

"ಅದನ್ನೂ ತರ್ತೀನಿ."

ಅವಳು ಎದ್ದು ಮೈಮೇಲಿನ ಉಣ್ಣೆ ಕೊಡವಿಕೊಂಡಳು. ದಾರಿಯಲ್ಲಿ ಅವಳನ್ನು ಎರಡು ಕಡೆ ಬೆನ್ನಿಗೆ ಹಾಕಿಕೊಂಡು ಬರಬೇಕಾಯಿತು.

ಅಧಿಕಾರಿ ಬಂದ. ದಾರಿಯ ಮೇಲೆ ಕುದುರೆ ನಿಲ್ಲಿಸಿ ಹೊಗೆ ನೋಡಿದ, ಸಾಲು ನೋಡಿದ, ಜೊತೆಯಲ್ಲಿದ್ದವನಿಗೆ ಏನೋ ಹೇಳಿ ಮುಂದಕ್ಕೆ ಹೋದ. ಅಲ್ಲಿಗೆ ಪಿಲ್ಬಿಯ ವಿಷಯ ಮುಗಿಯಿತು. ಮಳೆ ಬಿದ್ದು ಆ ಸಾಲಿನಲ್ಲೂ ಹುಲ್ಲು ಎದ್ದಿತು. ಏಮಿಸ್ ಮಾತ್ರ ಉಳಿದಳು. ಅವಳನ್ನು ಕಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಕುರಿಗಳಿಗೆ ಆ ಮನೆ ಹಿಡಿಸಿತು. ಒಳಗೆ ಒಲೆ ಇದ್ದ ಕಡೆಯ ಗೋಡೆ ಬೆಚ್ಚಗಿರುತ್ತಿತ್ತು. ಸಂಜೆಯಾದರೆ ಹೊರಗಿನಿಂದ ಒತ್ತಿಕೊಂಡು ನಿಂತು ಬೆನ್ನು ಉಜ್ಜುತ್ತಿದ್ದವು. ಮಣ್ಣು ಉದುರುತ್ತಿತ್ತು. ಹಾಬ್ ವಾರಕ್ಕೊಂದು ಸಲ ಮಣ್ಣು ಕಲಸಿ ಮೆತ್ತುತ್ತಿದ್ದ. ಏಮಿಸ್ ಭಾನುವಾರ ನಮ್ಮೂರಿಗೆ ಬಂದಾಗ ಹೆಂಗಸರ ಹತ್ತಿರ ಇದನ್ನೆಲ್ಲ ಹೇಳಿಕೊಳ್ಳುತ್ತಿದ್ದಳು.

"ನಿನ್ನ ಕುರಿಗಳಿಗೆ ಬುದ್ಧಿ ಹೇಳೋ ಅಂತ ಹಾಬ್‌ಗೆ ಅಂದೆ," ಅಂದಳು ಒಂದು ಸಲ. "ಅದಕ್ಕವನು, ಹೇಳಿದೀನಿ ಅತ್ತಿಗೆ, ಕೇಳಲ್ಲ ಅಂದ. ಅಂದೋನು ಅಲ್ಲೇ ಕೂತ ಕಡೇನೇ ತೂಕಡಿಸ್ದ. ಕೈಲಿ ಬಟಾಣಿ ಗಂಜಿ ಬಟ್ಟಲು. ಚೆಲ್ಕೊಂಡಾನು ಅಂತ ಮೆಲ್ಲಗೆ ಈಸ್ಕೊಂಡೆ."

"ಎಬ್ಬಿಸ್ಲಿಲ್ವಾ?" ಅಂತ ಕೇಳಿದೆವು.

"ಯಾಕೆ ಎಬ್ಬಿಸ್ಲಿ. ಮಲಗ್ಲಿ ಅಂತ ಬಿಟ್ಟೆ. ಉಳಿದಿದ್ದ ಗಂಜೀನ ನಾನೇ ಕುಡಿದೆ."