ಕಣ್ಣಳತೆಯ ಗುರುಸಿದ್ದ

ಗುರುಸಿದ್ದ ಮೊದಲು ಮುಖ ನೋಡುವ ಮನುಷ್ಯನೇ ಅಲ್ಲ. ಎದುರಿಗೆ ಬಂದು ನಿಂತವರು ಕಾಲೇಜಿನ ಪ್ರಾಂಶುಪಾಲರಿರಲಿ, ತಾಲೀಮಿನ ಪೈಲ್ವಾನನಿರಲಿ, ಅವನ ದೃಷ್ಟಿ ನೇರವಾಗಿ ಹೋಗಿ ನಿಲ್ಲುತ್ತಿದ್ದುದು ಮೊಣಕಾಲಿನ ಕೆಳಗಿನ ಹಿಂಬದಿಗೆ, ಮೀನಖಂಡವೆಂದು ಹೆಸರಿಟ್ಟು ನಾವೆಲ್ಲ ಮರೆತುಬಿಡುವ ಆ ಮಾಂಸದ ಉಬ್ಬಿಗೆ. ಮದುವೆಯ ಪಂಕ್ತಿಯಲ್ಲಿ ಕುಳಿತರೆ ಬಡಿಸುವವರ ಕಾಲು ನೋಡುತ್ತ ಊಟ ಮಾಡುತ್ತಿದ್ದ. ಒಮ್ಮೆ ಅಣ್ಣನ ಮಗನಿಗೆ ಹೆಣ್ಣು ನೋಡಲು ಹೋಗಿ ಬಂದವನನ್ನು ಮನೆಯವರೆಲ್ಲ ಸುತ್ತುಗಟ್ಟಿ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ, “ಬಲಗಾಲ ಮ್ಯಾಲೆ ಭಾರ ಹಾಕಿ ನಿಂದರ್ತಾಳ ನೋಡ್ರಿ” ಎಂದನಂತೆ. ನನ್ನ ಹೆಸರು ಅವನ ತಲೆಯಲ್ಲಿ ನಿಲ್ಲಲು ಎರಡು ವರ್ಷ ಹಿಡಿಯಿತು. ನನ್ನ ಎಡಗಾಲು ಬಲಗಾಲಿಗಿಂತ ತುಸು ದಪ್ಪ ಎಂಬುದು ಮೊದಲ ದಿನವೇ ಅವನಿಗೆ ಬಾಯಿಪಾಠವಾಗಿತ್ತು.

ಜೀವಮಾನವಿಡೀ ತರಗತಿಯಲ್ಲಿ ನಿಂತು ಪಾಠ ಹೇಳಿದ್ದರ ಪ್ರಸಾದವಾಗಿ ನನ್ನ ಕಾಲಿನ ರಕ್ತನಾಳಗಳು ಉಬ್ಬಿಕೊಂಡಿದ್ದವು. ಡಾಕ್ಟರರು ಬಿಗಿಯಾದ ಕಾಲುಚೀಲ ಹಾಕಿಕೊಳ್ಳಲು ಹೇಳಿದರು. ಪೇಟೆಯಿಂದ ತಂದದ್ದು ಎರಡನೆಯ ಪಿರಿಯಡ್ಡಿನ ಹೊತ್ತಿಗೆ ಜಾರಿ ಪಾದದ ಗಂಟಿನ ಮೇಲೆ ಮುದ್ದೆಯಾಗಿ ಕೂರುತ್ತಿತ್ತು. ಮಹಾಂತೇಶ ನಗರದ ನಮ್ಮ ಓಣಿಯವರೊಬ್ಬರು ಗುರುಸಿದ್ದನ ಹೆಸರು ಹೇಳಿದರು. ಮಿಲಿಟರಿ ಕ್ಯಾಂಪಿನ ಹಳೆಯ ಬಂಗಲೆಯೊಂದರ ಹಿಂದೆ, ಒಂದು ಕಾಲಕ್ಕೆ ಕುದುರೆಲಾಯವಾಗಿದ್ದ ಕೋಣೆಯಲ್ಲಿ ಅವನ ಹೊಲಿಗೆಯ ಅಂಗಡಿ. ಸುಬೇದಾರರೊಬ್ಬರು ಕೊಟ್ಟ ಹಸಿರು ಸ್ವೆಟರನ್ನು ಬೇಸಿಗೆಯಲ್ಲೂ ಬಿಡದೆ ತೊಟ್ಟು, ಕೊರಳಿಗೆ ಟೇಪು ಇಳಿಬಿಟ್ಟುಕೊಂಡು, ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕುಳಿತು, ನನ್ನ ಪಾದವನ್ನೆತ್ತಿ ಸೀದಾ ತನ್ನ ತೊಡೆಯ ಮೇಲಿಟ್ಟುಕೊಂಡುಬಿಟ್ಟ. ನನಗೆ ಮುಜುಗರವಾಗಿ ಕಾಲು ಎಳೆದುಕೊಳ್ಳಹೋದೆ.

“ಇರ್ಲಿ ಬಿಡ್ರಿ ಸರ. ಉಡಿಯಾಗ ಇಟ್ರನ ಕಾಲಿನ ಖರೇ ಆಕಾರ ತಿಳೀತೈತಿ” ಎಂದ.

ಬೆರಳಿನಿಂದ ಒತ್ತಿ, ಕಣ್ಣು ಕಿರಿದು ಮಾಡಿ, ಅಳತೆಯನ್ನು ಮೊದಲು ಬಾಯಲ್ಲಿ ಹೇಳುವುದು, ಆಮೇಲೆ ಟೇಪು ಸುತ್ತಿ ತಾನು ಹೇಳಿದ್ದೇ ಸರಿಯೆಂದು ತೋರಿಸುವುದು ಅವನ ಕ್ರಮ. ಟೇಪು ಅವನಿಗೆ ಬೇಕಾದದ್ದು ಸಾಕ್ಷಿ ಹೇಳಿಸಲಿಕ್ಕೆ ಮಾತ್ರ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅಪರಿಚಿತ ಕಂಡಕ್ಟರನೊಬ್ಬನ ಪ್ಯಾಂಟು ಮೇಲಕ್ಕೆ ಮಡಚಿಸಿ, ಚಹಾದ ಪಂದ್ಯ ಕಟ್ಟಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಗೆದ್ದದ್ದನ್ನು ನಾನೇ ಕಂಡಿದ್ದೇನೆ. ಆ ಹೆಮ್ಮೆ ಅವನ ಮುಖದಲ್ಲಿ ಮೂರು ದಿನ ಇತ್ತು.

ಈ ಕಸುಬಿನ ಹೊಳಹು ಅವನಿಗೆ ಬಂದದ್ದು ತಂದೆ ರಾಯಪ್ಪನಿಂದ. ಖಾನಾಪುರದ ಕಾಡಂಚಿನ ಊರಿನ ಕುರಿಗಾರ. ಹಿಂಡಿನೊಂದಿಗೆ ದೂರದ ದಾರಿ ಹಿಡಿಯುವ ಮುನ್ನ ಆತ ಹಳೆಯ ಕಂಬಳಿಯ ಪಟ್ಟಿಗಳನ್ನು ಪಾದದ ಗಂಟಿನಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದನಂತೆ. ಕೆಳಗೆ ಬಿಗಿ, ಮೇಲೆ ಹೋದಂತೆಲ್ಲ ಸಡಿಲ. ಮಗ ಕ್ಯಾಂಪಿಗೆ ಬಂದು ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತ ಕುಳಿತಿದ್ದಾಗ, ಸೈನ್ಯದ ಭರತಿಗೆಂದು ನಸುಕಿನಲ್ಲಿ ಓಡುವ ಹುಡುಗರು ಮೀನಖಂಡ ಹಿಡಿದುಕೊಂಡು ಕುಂಟುತ್ತ ಬರುವುದನ್ನು ಕಂಡು ಅಪ್ಪನ ಕಂಬಳಿ ಪಟ್ಟಿ ನೆನಪಾಯಿತು. ತಿರುಪ್ಪೂರಿನಿಂದ ನಾಲ್ಕೂ ಕಡೆ ಹಿಗ್ಗುವ ಬಟ್ಟೆ ತರಿಸಿ, ಹೊಲಿಗೆ ಚರ್ಮಕ್ಕೆ ಚುಚ್ಚದಂತೆ ಚಪ್ಪಟೆಯಾಗಿ ಕೂರಿಸುವ ಮಷೀನೊಂದನ್ನು ಹಳೆಯದೇ ಕೊಂಡು, ಕಾಲಿಗಿಂತ ಕಿರಿದಾಗಿ ಕತ್ತರಿಸಿ ಕಾಲಿಗೆ ಸರಿಯಾಗಿ ಕೂರಿಸುವ ಆ ವಿಚಿತ್ರ ಲೆಕ್ಕವನ್ನು ವರ್ಷಗಟ್ಟಲೆ ಕೆಡಿಸಿ ಕೆಡಿಸಿ ಕಲಿತ. ಪಾದವಿಲ್ಲದ, ಗಂಟಿನಿಂದ ಮೊಣಕಾಲಿನವರೆಗಿನ ಆ ಉಡುಪಿಗೆ ಜನ ‘ಗುರುಸಿದ್ದನ ಸಾಕ್ಸು’ ಎಂದೇ ಹೆಸರಿಟ್ಟರು. ಭರತಿಯ ಹುಡುಗರು, ಉದ್ಯಮಬಾಗದ ಫೌಂಡ್ರಿಯಲ್ಲಿ ದಿನವಿಡೀ ನಿಲ್ಲುವವರು, ನರ್ಸುಗಳು, ಪೈಲ್ವಾನರು, ಎಲ್ಲರೂ ಬಂದರು. ಹೆಂಗಸರ ಅಳತೆಯನ್ನು ಪರದೆಯ ಹಿಂದೆ ಜೊತೆಗೆ ಬಂದವರೇ ತೆಗೆದು ಕೂಗಿ ಹೇಳಬೇಕಿತ್ತು.

ಮೊಣಕಾಲಿನ ಕೆಳಗೆ ಬರುವ ಮೇಲಂಚಿನ ಪಟ್ಟಿಯ ಬಗ್ಗೆ ಮಾತ್ರ ಅವನಿಗೆ ವಿಶೇಷ ಭಯಭಕ್ತಿ. ಅಲ್ಲಿ ಹೊರಬದಿಗೆ, ಎಲುಬಿನ ಮೇಲೆ, ಚರ್ಮದ ಅಡಿಯಲ್ಲೇ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತುವುದು ಅದರ ಕೆಲಸ. ಪಟ್ಟಿ ಅಲ್ಲಿ ಒತ್ತಿದರೆ ಪಾದ ಸತ್ತಂತೆ ಜೋತುಬೀಳುತ್ತದೆ. ಇದನ್ನು ಅವನು ನನಗೂ ಮುಟ್ಟಿ ತೋರಿಸಿದ್ದ. ಆದರೆ ಬೇರೆಲ್ಲಿ ಬಿಗಿ ಎಂದು ಗೊಣಗಿದರೂ ಅವನು ಕೇಳುವವನಲ್ಲ. ನಾನು ಮೊದಲ ಸಲ ಹಾಕಿಕೊಂಡು ಉಸಿರು ಕಟ್ಟಿದವನಂತೆ ಮುಖ ಮಾಡಿದಾಗ ಗದರಿಸಿಯೇಬಿಟ್ಟ.

“ಬಿಗಿ ಅನಸಬೇಕ್ರೀ. ಅನಸಿದ್ರನ ಅದು ಕೆಲಸಾ ಮಾಡಾಕತ್ತೈತಿ ಅಂತ ತಿಳೀರಿ.”

ಬಂದವರಿಗೆಲ್ಲ ಇದೇ ಮಾತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಗಿರಾಕಿಗಳ ಗೊಣಗಾಟದ ಕಥೆ ಹೇಳಿ, ಕೊನೆಗೆ ಇದೇ ಮಾತಿನಿಂದ ಅವರ ಬಾಯಿ ಮುಚ್ಚಿಸಿದ್ದನ್ನು ಹೇಳಿ ನಗುತ್ತಿದ್ದ. ಕೇಳುತ್ತಿದ್ದವಳು ಹೆಂಡತಿ ರೇಣವ್ವ.

ರೇಣವ್ವನದು ಉದ್ಯಮಬಾಗದಲ್ಲಿ ಒಂದು ಸಣ್ಣ ಖಾನಾವಳಿ. ಪಾಳಿ ಮುಗಿಸಿ ಬರುವ ಫೌಂಡ್ರಿಯವರಿಗೆ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ. ಒಲೆಯ ಕಟ್ಟೆಯ ಮುಂದೆ ನಿಂತರೆ ನಿಂತೇ ಇರಬೇಕಾದ ಕೆಲಸ. ವರ್ಷಗಳು ಕಳೆದಂತೆ ಸಂಜೆಯ ಹೊತ್ತಿಗೆ ಅವಳ ಕಾಲು ಬಾತು ಭಾರವಾಗತೊಡಗಿದವು. ಅವಳು ಹೇಳಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದನ್ನು ಕಂಡು ಅವನೇ ಒಂದು ದಿನ ಟೇಪು ಹಿಡಿದು ಅವಳೆದುರು ನೆಲದ ಮೇಲೆ ಕುಳಿತ. ಅವಳು ಬೆಂಕಿ ತಗುಲಿದವಳಂತೆ ಹಿಂದೆ ಸರಿದಳಂತೆ. ಗಂಡನಾದವನು ಹೆಂಡತಿಯ ಪಾದ ಹಿಡಿಯುವುದೆಂದರೇನು, ತನ್ನ ತೊಡೆಯ ಮೇಲಿಟ್ಟುಕೊಳ್ಳುವುದೆಂದರೇನು? ಆ ಪಾಪ ಯಾವ ಜನ್ಮಕ್ಕೆ ತೀರೀತು?

“ಮನ್ಯಾಗಿನ ಕಾಲಿಗೆ ಅಳತಿ ಯಾಕ್ರೀ? ದಾರ್ಯಾಗ ಹೋಗೂ ಮಂದೀ ಕಾಲು ಕಣ್ಣಿಲೆ ಅಳೀತೀರಿ, ನಂದು ಗೊತ್ತಿಲ್ಲೇನು?” ಎಂದು ನಕ್ಕಳಂತೆ.

ನಗುತ್ತ ಆಡಿದ ಆ ಮಾತು ಅವನ ಹೆಮ್ಮೆಗೆ ತಾಗಿತು. ಗೊತ್ತಿಲ್ಲವೆಂದು ಹೇಗೆ ಹೇಳುವುದು? ಆದರೆ ಪಾದ ಮುಚ್ಚುವಂತೆ ಸೀರೆ ಉಡುವ ರೇಣವ್ವನ ಕಾಲನ್ನು ಅವನು ನೆಟ್ಟಗೆ ನೋಡಿ ಎಷ್ಟು ಕಾಲವಾಗಿತ್ತೋ. ಮದುವೆಗೆ ಮುಂಚೆ ಒಂದು ದಿನ ಖಾನಾಪುರದ ಹತ್ತಿರ, ಎರಡೂ ಕಂಕುಳಲ್ಲಿ ಮರಿಗಳನ್ನು ಅವುಚಿಕೊಂಡು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಮಲಪ್ರಭೆ ದಾಟುತ್ತಿದ್ದ ಹುಡುಗಿಯನ್ನು ಅವನು ದಂಡೆಯ ಮೇಲಿನಿಂದ ನೋಡಿದ್ದ. ಲಗ್ನವಾದರೆ ಇವಳನ್ನೇ ಎಂದು ಅಂದೇ ನಿಶ್ಚಯಿಸಿದ್ದನಂತೆ. ಆ ಕಾಲು ಅವನ ಕಣ್ಣಲ್ಲಿ ಅಚ್ಚೊತ್ತಿತ್ತು. ಅದಕ್ಕೆ ವಯಸ್ಸಿನ ಲೆಕ್ಕವೆಂದು ಒಂದಿಷ್ಟು ಸೇರಿಸಿ, ಅಂಗಡಿಯಲ್ಲಿದ್ದ ಬಟ್ಟೆಯಲ್ಲೆಲ್ಲ ಉತ್ತಮವಾದುದನ್ನು ಆರಿಸಿ, ತಾನೇ ಕತ್ತರಿಸಿ ಹೊಲಿದು ಒಯ್ದು ಕೊಟ್ಟ.

ಅದಾಗಿ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಸವೆದ ಸಾಕ್ಸು ಬದಲಿಸಲೆಂದು ಹೋಗಿ ಸ್ಟೂಲಿನ ಮೇಲೆ ಕುಳಿತು ಕ್ರಿಕೆಟ್ಟಿನ ಮಾತಾಡುತ್ತಿದ್ದೆ. ಮಷೀನಿನ ಮೇಲೆ ಬಗ್ಗಿದ್ದ ಗುರುಸಿದ್ದ ಥಟ್ಟನೆ ಕಾಲು ತಡೆದು ಕಿವಿಗೊಟ್ಟ. ಹೊರಗಿನ ಹಾಸುಗಲ್ಲಿನ ಮೇಲೆ ಯಾರೋ ಬರುತ್ತಿದ್ದರು. ಒಂದು ಹೆಜ್ಜೆ ಸರಿ, ಇನ್ನೊಂದು ಚಪ್ಪಲಿ ಎಳೆದು ಠಪ್ಪೆಂದು ಬೀಳುವುದು.

“ಯಾರೋ ಪಾದ ಎತ್ತಲಾರದವರು ಬರಾಕತ್ತಾರ ನೋಡ್ರಿ ಸರ” ಎಂದ. ಹೊಸ ಗಿರಾಕಿ ಬಂದ ಸಣ್ಣ ಉತ್ಸಾಹ ಆ ಧ್ವನಿಯಲ್ಲಿತ್ತು.

ಬಾಗಿಲಿನ ಮೆಟ್ಟಿಲಿಗೆ ಕಾಲು ತಾಗಿ ಬಂದಾಕೆ ಮುಗ್ಗರಿಸಿದಳು. ಸೀರೆಯ ಅಂಚು ಸರಿಯಿತು. ಗುರುಸಿದ್ದನ ದೃಷ್ಟಿ ಎಂದಿನಂತೆ ಕೆಳಗೇ ಇತ್ತು. ಜೋತುಬಿದ್ದ ಪಾದ, ಅದರ ಮೇಲೆ ತನ್ನದೇ ಹೊಲಿಗೆಯ ಅಂಚು.

“ಅಲ್ಲೇ ಕುಂದರ್ರಿ ಅಕ್ಕಾರ, ಅಲ್ಲಾಡಬ್ಯಾಡ್ರಿ. ಪಟ್ಟಿ ನರದ ಮ್ಯಾಲೆ ಕುಂತೈತಿ. ಯಾಂವ ಕೊಟ್ಟಾನ ನಿಮಗ ಈ ಅಳತಿ?” ಎಂದು ಏಳುತ್ತ ಏಳುತ್ತ ತಲೆಯೆತ್ತಿದ.

ಊಟದ ಡಬ್ಬಿ ಎದೆಗೊತ್ತಿಕೊಂಡು ರೇಣವ್ವ ನಿಂತಿದ್ದಳು.

ಆಮೇಲೆ ಅಲ್ಲಿ ನಡೆದದ್ದನ್ನು ಬರೆಯಲು ನನಗೆ ಈಗಲೂ ಸಂಕಟವಾಗುತ್ತದೆ. ಅವನು ಗದರಿಸಲಿಲ್ಲ, ಅಳಲಿಲ್ಲ. ಕತ್ತರಿ ತೆಗೆದುಕೊಂಡು ಅವಳನ್ನು ಪರದೆಯ ಹಿಂದೆ ಕರೆದೊಯ್ದ. ಬಟ್ಟೆ ಸೀಳುವ ಸದ್ದು ಕೇಳಿತು. ಎಷ್ಟು ದಿನದಿಂದ ಜೋಮು ಹಿಡಿದಿದೆ ಎಂದು ಕೇಳಿದ. ಆಗಲೇ ಸುಮಾರು ದಿನವಾಯಿತು ಎಂದಳು. ಹೇಳಲಿಲ್ಲ ಯಾಕೆ ಎಂದು ಕೇಳಿದ. ತಾನೇ ತಪ್ಪು ಮಾಡಿದವಳಂತೆ ಅವಳೆಂದ ಮಾತು ಪರದೆಯ ಈಚೆ ಕುಳಿತ ನನಗೂ ಕೇಳಿಸಿತು.

“ಬಿಗಿ ಅನಸಿದ್ರನ ಕೆಲಸಾ ಮಾಡ್ತೈತಿ ಅಂತ ನೀವ ಅಂತಿದ್ರಲ್ರೀ.”

ನರ ಪೂರ್ತಿ ಸತ್ತಿಲ್ಲ, ಚೇತರಿಸಿಕೊಳ್ಳಬಹುದು, ಚೇತರಿಸಿಕೊಳ್ಳದೆಯೂ ಇರಬಹುದು ಎಂದರು ಡಾಕ್ಟರರು. ಖಾನಾವಳಿಯ ಕಟ್ಟೆಯ ಮುಂದೆ ಈಗ ಅವಳ ತಂಗಿ ನಿಲ್ಲುತ್ತಾಳೆ. ರೇಣವ್ವ ಕುಳಿತು ಹಿಟ್ಟು ನಾದಿ ಕೊಡುತ್ತಾಳೆ. ತಾನು ಮತ್ತೆ ನಿಂತು ರೊಟ್ಟಿ ಬಡಿಯುವುದು ಯಾವಾಗ ಎಂಬುದೊಂದೇ ಅವಳು ಎಲ್ಲರನ್ನೂ ಕೇಳುವ ಪ್ರಶ್ನೆ.

ಗುರುಸಿದ್ದನ ಅಂಗಡಿ ಇನ್ನೂ ಇದೆ. ಆದರೆ ಅಳತೆಯನ್ನು ಅವನೀಗ ಬಾಯಲ್ಲಿ ಹೇಳುವುದಿಲ್ಲ. ಟೇಪು ಹಾಕಿ ನೋಡುತ್ತಾನೆ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹಾಕುತ್ತಾನೆ. ಹೊಲಿದಾದ ಮೇಲೆ ಗಿರಾಕಿ ಅದನ್ನು ಹಾಕಿಕೊಂಡು ಅಲ್ಲೇ ಕುಳಿತಿರಬೇಕು, ಚರ್ಚಿನ ಮೂಲೆಯವರೆಗೆ ಹೋಗಿ ಬರಬೇಕು. “ಎಲ್ಲೆರ ಒತ್ತತೈತೇನ್ರೀ? ಖರೇ ಹೇಳ್ರಿ” ಎಂದು ಅವನು ಕೇಳುವ ಪರಿಗೆ ಬೇಸತ್ತು ಭರತಿಯ ಹುಡುಗರು ಪೇಟೆಯ ಸಾಕ್ಸಿನ ಕಡೆ ತಿರುಗಿದ್ದಾರೆ. ನನ್ನ ಹೊಸ ಜೋಡಿಯನ್ನು ಹಾಕಿ ನೋಡುವ ದಿನ ನಾನು ತಮಾಷೆ ಮಾಡಲು ಹೋದೆ. ಅವನು ನನ್ನ ಮುಖ ನೋಡುತ್ತಿದ್ದ. ಕಾಲು ಕೈಯಲ್ಲಿ ಹಿಡಿದುಕೊಂಡು, ನೋವಿನ ಗೆರೆ ಎಲ್ಲಾದರೂ ಮೂಡೀತೇ ಎಂದು ನನ್ನ ಮುಖವನ್ನೇ ಹುಡುಕುತ್ತಿದ್ದ. ನಮ್ಮ ಇಷ್ಟು ವರ್ಷದ ಪರಿಚಯದಲ್ಲಿ ಅವನ ಕಣ್ಣಿನ ಬಣ್ಣ ನನಗೆ ತಿಳಿದದ್ದು ಅಂದು.

ಕಳೆದ ತಿಂಗಳು ಉದ್ಯಮಬಾಗದ ಅವರ ಮನೆಗೆ ಹೋಗಿದ್ದೆ. ಫಿಸಿಯೋಥೆರಪಿಯ ನೇತ್ರಾ ಹೇಳಿಕೊಟ್ಟ ವ್ಯಾಯಾಮದ ಹೊತ್ತು. ಇನ್ನೊಬ್ಬರು ಪಾದ ಹಿಡಿದು ಮೇಲೆ ಕೆಳಗೆ ಆಡಿಸಬೇಕಾದ ವ್ಯಾಯಾಮ ಅದು. ಹೀಗಾಗಿ ರೇಣವ್ವನ ಪಾದ ಕೊನೆಗೂ ಗಂಡನ ತೊಡೆಯ ಮೇಲೆ ಬಂದಿತ್ತು. ಅವಳು ಸೆರಗು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಿದ್ದಳು. ಅವನು ಮೆಲ್ಲಗೆ ಎತ್ತುತ್ತಿದ್ದ, ಬಿಡುತ್ತಿದ್ದ. ಬಿಟ್ಟಾಗೆಲ್ಲ ಅದು ಜೋತುಬೀಳುತ್ತಿತ್ತು. ನನ್ನ ಕಡೆ ನೋಡದೆಯೇ ಹೇಳಿದ.

“ಟೇಪ್ ಹಾಕಿ ನೋಡಿದ್ನಿರೀ ಸರ. ಎರಡು ಬೆರಳು ತಪ್ಪಿದ್ನಿ. ಎರಡ ಬೆರಳು.”

ವ್ಯಾಯಾಮ ಮುಗಿದ ಕೂಡಲೇ ರೇಣವ್ವ ಗೋಡೆ ಹಿಡಿದು ಎದ್ದಳು. ಎಳೆಯುವ ಕಾಲನ್ನು ಹೇಗೋ ಸಂಭಾಳಿಸಿಕೊಂಡು, ಬಗ್ಗಿ, ಗಂಡನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತನ್ನ ಕಾಲು ಹಿಡಿಸಿಕೊಂಡ ಪಾಪ ಕಳೆಯಲೆಂದು ಆಕೆ ದಿನವೂ ಹೀಗೆ ಮಾಡುತ್ತಾಳಂತೆ. ಬೇಡವೆಂದರೆ ನಾಳೆ ಕಾಲು ಕೊಡುವುದಿಲ್ಲವೆನ್ನುತ್ತಾಳೆ. ಅದಕ್ಕೇ ಗುರುಸಿದ್ದ ಕಣ್ಣು ಮುಚ್ಚಿ, ಶಿಕ್ಷೆಗೆ ನಿಂತ ಶಾಲೆಯ ಹುಡುಗನಂತೆ ಕೈ ಕಟ್ಟಿ ನಿಂತಿರುತ್ತಾನೆ.

ಇಂಥವರನ್ನು ನಾನು ಬೇರೆ ಕಸುಬುಗಳಲ್ಲೂ ಕಂಡಿದ್ದೇನೆ. ಊರಿನವರನ್ನೆಲ್ಲ ಎದುರಿಗೆ ಕೂರಿಸಿಕೊಂಡು, ಇಂದು ಹೇಗಿದ್ದಾರೋ ಹಾಗೆ ನೋಡಿ, ಮುಟ್ಟಿ, ಅಳೆದು ಕೊಡುವವರು. ಮನೆಯವರ ಸರದಿ ಬಂದಾಗ ಮಾತ್ರ ನೋಡುವ ಅಗತ್ಯವೇ ಇಲ್ಲವೆಂದುಕೊಳ್ಳುವವರು. ಅವರಿಗೆ ಪ್ರೀತಿ ಕಡಿಮೆಯೆಂದು ನಾನು ಹೇಳಲಾರೆ. ಪ್ರೀತಿ ಹುಟ್ಟಿದ ದಿನ ಕಂಡದ್ದನ್ನೇ ಅವರು ಹಾಗೇ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಅದೇ ಅಳತೆಗೆ ಹೊಲಿದು ತಂದು ಕೊಡುತ್ತಾರೆ, ಮನೆಯವರೂ ಅದನ್ನು ತೊಟ್ಟುಕೊಂಡು, ಒತ್ತುತ್ತಿದೆಯೆಂದು ಹೇಳದೆ ಇದ್ದುಬಿಡುತ್ತಾರೆ.