ಮೊದಲ ತಿರುವು

ಗಾಡಿಯ ಹಿಂಭಾಗದಲ್ಲಿ ಬೆಲ್ಟನ್ನು ಕೊನೆಯ ಹಲ್ಲಿನವರೆಗೂ ಬಿಗಿದು, ಚಾಲಕ ಪೆಟ್ಟಿಗೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಹಳದಿ ಚೀಟಿಯ ಮೂರು ಎಸಳಿನ ಗುರುತು ಎದುರಿಗೇ ಕಾಣುತ್ತಿತ್ತು. ಒಳಗೆ ಸೀಸದ ಡಬ್ಬಿ, ಅದರೊಳಗೆ ಕಿರುಬೆರಳಿನಷ್ಟು ವಿಕಿರಣದ ಔಷಧಿ. ಗಳಿಗೆ ಗಳಿಗೆಗೂ ಸತ್ವ ಕಳೆದುಕೊಳ್ಳುವ ಅದು ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಬೇಕು.

ಪಕ್ಕದಲ್ಲಿ ಸುರಕ್ಷತಾ ಅಧಿಕಾರಿ ಕಾಗದ ಹಿಡಿದು ನಿಂತಿದ್ದಳು. ಅವನ ಮಗಳ ವಯಸ್ಸು. ಅರವತ್ತು ತುಂಬಿದವನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಅವಳ ಇವತ್ತಿನ ವರದಿಯ ಮೇಲೆ ನಿಂತಿತ್ತು.

"ಕಟ್ಟೋದು ಯಾರ ಹತ್ರ ಕಲಿತ್ರಿ?"

"ನಮ್ಮ ಮಾವನ ಹತ್ರ ಕಣಮ್ಮ. ಗಾಜಿನ ಸಾಮಾನು ಸಾಗಿಸ್ತಿದ್ರು. ಮಗಳನ್ನ ಕೊಡೋ ಮುಂಚೆ ನನ್ನ ಕೈಲಿ ಗಂಟು ಹಾಕಿಸಿ ನೋಡಿದ್ರು."

"ಪಾಸಾದ್ರಾ?"

"ಮೂರನೇ ಸಲಕ್ಕೆ. ಅಷ್ಟರಲ್ಲಿ ಅವಳೇ ಬಂದು ಹೇಳಿಕೊಟ್ಟಿದ್ಲು."

ಅವಳು ಮುಂದಿನ ಸೀಟಿಗೆ ಹತ್ತಿದಳು, ಗಾಡಿ ಹೊರಟಿತು. ಊರಂಚಿನ ಮೊದಲ ತಿರುವು ಹತ್ತಿರವಾದಂತೆ ಅವನ ಕಾಲು ತಾನಾಗಿಯೇ ಬ್ರೇಕಿನತ್ತ ಸರಿಯಿತು. ಮಾವನ ಕಾಲದಿಂದಲೂ ಹಾಗೆಯೇ. ಹೊರಟ ಮೇಲೆ ಮೊದಲ ತಿರುವಿನಲ್ಲಿ ಅವರು ಇಳಿದು, ಹಗ್ಗವನ್ನೊಮ್ಮೆ ಜಗ್ಗಿ, ಮಲಗಿದ ಕೂಸಿನ ಉಸಿರು ಆಲಿಸುವವರ ಹಾಗೆ ಗಾಜಿನ ಪೆಟ್ಟಿಗೆಗೆ ಕಿವಿ ಹಚ್ಚುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ದೇವರನ್ನು ನೆನೆದು, "ಹ್ಞೂಂ, ನಡಿ" ಎನ್ನುತ್ತಿದ್ದರು.

ಇವತ್ತು ನಿಲ್ಲಿಸಿದರೆ ತಾನು ಕಟ್ಟಿದ್ದರ ಮೇಲೆ ತನಗೇ ನಂಬಿಕೆಯಿಲ್ಲ ಎಂದು ಅವಳು ಬರೆದುಕೊಂಡಾಳು. ಆದರೂ ನಿಲ್ಲಿಸಿದ. ಒಬ್ಬನೇ ಹಿಂದೆ ಹೋಗಿ ಬೆಲ್ಟು ಜಗ್ಗಿದ.

ಎರಡು ಬೆರಳು ಸಲೀಸಾಗಿ ಒಳಗೆ ಹೋದವು.

ಅವಳಿನ್ನೂ ಮುಂದಿನ ಸೀಟಿನಲ್ಲೇ ಇದ್ದಳು. ಬಿಗಿದು ಬಂದು ಕೂತರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಕೈ ಬೆಲ್ಟು ಬಿಗಿಯುವ ಹಿಡಿಕೆಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಅಮ್ಮಾ, ಸ್ವಲ್ಪ ಬನ್ನಿ," ಎಂದು ಕರೆದ. "ಸಡಿಲ ಆಗಿದೆ. ತಪ್ಪು ನಂದೇ."

ಪೆಟ್ಟಿಗೆಯ ಅಡಿಯಲ್ಲಿ, ಅದರ ಅಳತೆಗೇ ಮಡಿಸಿಟ್ಟಿದ್ದ ಹಳೆಯ ಕಂಬಳಿಯನ್ನು ತೋರಿಸಿದ. "ಮಾವಂದು. ಗಾಜಿಗೆ ಪೆಟ್ಟಾಗದ ಹಾಗೆ ಹಾಕ್ತಿದ್ರು. ನಾನೂ ಹಂಗೇ..."

"ಇದು ಗಾಜಲ್ಲವಲ್ಲ. ಕಂಬಳಿ ಅಮುಕಿಕೊಂಡಷ್ಟೂ ಬೆಲ್ಟು ಸಡಿಲ ಆಗುತ್ತೆ. ಪೆಟ್ಟಿಗೆ ಗಾಡಿಯ ನೆಲಕ್ಕೇ ಕೂರಬೇಕು. ತರಬೇತೀಲಿ ಹೇಳಿರಲಿಲ್ವಾ?"

"ಹೇಳಿದ್ರು. ತಲೆ ಕೇಳಿಸ್ಕೊಳ್ತು, ಕೈ ಕೇಳಲಿಲ್ಲ."

ಅವಳು ನಗಲಿಲ್ಲ. ಬಾಗಿ ನೋಡಿದಳು. "ಹೊರಡೋವಾಗ ನನ್ನ ಕಣ್ಣಿಗೂ ಬೀಳಲಿಲ್ಲ," ಎಂದು ಮೆಲ್ಲಗೆ ಹೇಳಿ, "ಇಲ್ಲಿ ನಿಲ್ಲಿಸಬೇಕು ಅಂತ ಯಾರು ಹೇಳಿದ್ರು?" ಎಂದು ಕೇಳಿದಳು.

"ಅದೂ ಮಾವನೇ."

ಕಂಬಳಿ ಹೊರಬಂತು. ಪೆಟ್ಟಿಗೆ ನೆಲಕ್ಕೆ ಕೂತಿತು, ಬೆಲ್ಟು ಮತ್ತೆ ಬಿಗಿಯಾಯಿತು. ಸೀಟಿಗೆ ಬಂದು ಅವಳು ಬಹಳ ಹೊತ್ತು ಏನೋ ಬರೆದಳು. ಅವನು ಅತ್ತ ನೋಡಲಿಲ್ಲ. ಕಂಬಳಿಯನ್ನು ಎಲ್ಲಿಡುವುದೆಂದು ತಿಳಿಯದೆ ಇಬ್ಬರ ನಡುವೆ ಇಟ್ಟಿದ್ದ. ತೊಳೆದು ತೊಳೆದು ತೆಳ್ಳಗಾಗಿದ್ದ ಅದರಲ್ಲಿ ಈಗಲೂ ಗಾಜಿಗೆ ಸುತ್ತುತ್ತಿದ್ದ ಹುಲ್ಲಿನ, ಹೊಸ ಹಗ್ಗದ ವಾಸನೆ ಇದ್ದಂತೆ ಅವನಿಗೆ ಅನ್ನಿಸಿತು.

ಮುಂದಿನ ತಿರುವು ದಾಟುತ್ತಲೇ ಅವಳು, "ಒಂದ್ನಿಮಿಷ ನಿಲ್ಲಿಸಿ," ಎಂದಳು.

ತಾನೇ ಇಳಿದು ಹೋದಳು. ಬೆನ್ನ ಹಿಂದಿನ ಕಿಟಕಿಯಲ್ಲಿ ಅವಳು ಬೆಲ್ಟು ಜಗ್ಗುವುದು ಕಂಡಿತು. ಬೆರಳು ತೂರಿಸಿ ನೋಡಿದಳು, ತೂರಲಿಲ್ಲ. ಒಂದು ಗಳಿಗೆ ಸುಮ್ಮನೆ ನಿಂತು, ಅಂಗೈಯಿಂದ ಪೆಟ್ಟಿಗೆಯನ್ನು ಎರಡು ಸಲ ತಟ್ಟಿದಳು.

ಬಂದು ಕೂತು, ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡಳು.

"ಹ್ಞೂಂ, ನಡೀರಿ."