ಎರಡುಸಿರಣ್ಣ

ಕತ್ತಿ ಹಿಡಿದವನು ಕಣ್ಣು ಮುಚ್ಚಿದರೆ ಕುತ್ತಿಗೆಯೊಡ್ಡಿ ಕುಳಿತವನ ಎದೆ ಝಲ್ಲೆನ್ನುವುದು ಸಹಜ. ಆದರೆ ನಮ್ಮ ಬೀದಿಯ ಕ್ಷೌರಿಕರು ಪ್ರತಿಯೊಬ್ಬ ಗಿರಾಕಿಯ ಗಲ್ಲಕ್ಕೂ ನೊರೆ ಬಳಿದು, ಕತ್ತಿಯನ್ನು ಮಡಿಚಿ ಎಡಗೈಯಲ್ಲಿಟ್ಟುಕೊಂಡು, ಸರಿಯಾಗಿ ಎರಡು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚಿ ದೇವರನ್ನು ನೆನೆದ ಮೇಲೆಯೇ ಕೆಲಸಕ್ಕೆ ತೊಡಗುತ್ತಿದ್ದರು. ತುಟಿ ಅಲುಗುತ್ತಿರಲಿಲ್ಲ, ಸದ್ದಿರುತ್ತಿರಲಿಲ್ಲ. ಹೊಸಬರು ಗಾಬರಿಬಿದ್ದರೆ ಹಳಬರು ಬೆಂಚಿನಿಂದಲೇ, "ಹೆದರ್ಬೇಡಿ, ಮೇಲಿನವನ ಅಪ್ಪಣೆ ಕೇಳ್ತಿದಾರೆ" ಎಂದು ನಗುತ್ತಿದ್ದರು. ಹೀಗೆ ಅವರು ಎಲ್ಲರ ಬಾಯಲ್ಲೂ ಎರಡುಸಿರಣ್ಣ ಆಗಿಬಿಟ್ಟರು.

ನಲವತ್ತು ವರ್ಷ ಒಂದೇ ಕುರ್ಚಿಯನ್ನು ಸುತ್ತಿದ ಆ ಕಾಲುಗಳಿಗೆ ನೇರ ನಡಿಗೆ ಮರೆತೇಹೋಗಿತ್ತು. ಬೀದಿಯಲ್ಲಿ ಎದುರಾದವರನ್ನೂ ಅರ್ಧ ಸುತ್ತು ಹಾಕಿ, ಅವರ ಹಿಂಗತ್ತಿನ ಕೂದಲಿನ ಮೇಲೊಂದು ಕಣ್ಣಾಡಿಸಿಯೇ ಮುಂದೆ ಹೋಗುವರು. ಒಗೆದೊಗೆದು ನೂಲು ತೇಲಿದ ಬಿಳಿ ಕೋಟಿನ ಜೇಬಿನಲ್ಲಿ ಒಂದು ಬಾಚಣಿಗೆ ಮತ್ತು ಅಂಗೈಯಗಲದ ಹೊಸ ಒಡಂಬಡಿಕೆ ಒಂದಕ್ಕೊಂದು ಒತ್ತಿಕೊಂಡಿದ್ದವು. ಯಾವ ಮಾತೇ ಆಡಲಿ, "ಅಷ್ಟೇ ತಾನೆ?" ಎಂದು ಮುಗಿಸಬೇಕು. ಒಮ್ಮೆ ಮದುವೆಯ ಗಡಿಬಿಡಿಯಲ್ಲಿದ್ದ ವರನೊಬ್ಬ, "ಇವತ್ತೊಂದಿನ ಪ್ರಾರ್ಥನೆ ಬಿಡಿ ಅಣ್ಣ, ಹೊತ್ತಾಯ್ತು" ಎಂದು ಗೋಗರೆದ. "ನಿಂಗೆ ಹೊತ್ತಾಗಿರೋದಕ್ಕೇ ನಂಗದು ಬೇಕಪ್ಪ. ಅಷ್ಟೇ ತಾನೆ?" ಎಂದು ಕಣ್ಣು ಮುಚ್ಚಿಯೇಬಿಟ್ಟರು.

ಆಮೇಲೆ ಗಾಳಿ ತಿರುಗಿತು. ಇಗರ್ಜಿಗೆ ಹೋಗುವವರನ್ನು ಕಂಡರೆ ಮಾತು ನಿಲ್ಲಿಸುವುದು, ಬೆನ್ನ ಹಿಂದೆ ಗುಸುಗುಸು ಎನ್ನುವುದು ಮೊದಲಾಯಿತು. ಕನ್ನಡಿಯ ಮೂಲೆಯಲ್ಲಿದ್ದ ಹೆಬ್ಬೆರಳುದ್ದದ ಮರದ ಶಿಲುಬೆ ಅಷ್ಟು ವರ್ಷ ಯಾರ ಕಣ್ಣಿಗೂ ಚುಚ್ಚದ್ದು ಈಗ ಚುಚ್ಚತೊಡಗಿತು. ಯಾರೋ ಬಾಗಿಲಿಗೆ ಕರಿ ಬಣ್ಣ ಎರಚಿದರು. ಕಣ್ಣು ಮುಚ್ಚಿಕೊಂಡು ಗಿರಾಕಿಗಳನ್ನು ತಮ್ಮ ಮತಕ್ಕೆ ಸೆಳೆಯುತ್ತಾರೆ, ಪ್ರಾರ್ಥನೆ ನಿಲ್ಲಿಸಲಿ, ಇಲ್ಲವೇ ಮಾರುಕಟ್ಟೆ ಸಂಘದ ಆ ಅಂಗಡಿಯನ್ನು ಬಿಡಲಿ ಎಂದು ಒಂದು ಮನವಿಪತ್ರವೂ ತಯಾರಾಯಿತು. ಅದನ್ನು ಹಿಡಿದು ನಾಲ್ವರು ನನ್ನ ಹೊಸಿಲಿಗೂ ಬಂದರು. ಊರ ಉಸಾಬರಿ ನನಗೇಕೆಂದು ರುಜು ಹಾಕಿ ಕಳಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಕಿದ್ದು ಹೌದು.

ಸಂಘದ ಅಧ್ಯಕ್ಷರು ಕೆಟ್ಟವರಲ್ಲ. ಅವರ ಮೊದಲ ಮೀಸೆ ತಿದ್ದಿದ್ದೂ ಅದೇ ಕುರ್ಚಿಯಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದೆಂದು ಅವರೊಂದು ದಾರಿ ಹುಡುಕಿದರು. "ಡಾಕ್ಟರು ಕಣ್ಣಿಗೆ ವಿಶ್ರಾಂತಿ ಕೊಡು ಅಂದಿದಾರೆ, ಅದಕ್ಕೇ ಮುಚ್ಕೋತೀನಿ ಅಂತ ಒಂದೇ ಸಾಲು ಬರ್ಕೊಡಿ ಅಣ್ಣ. ಅಂಗಡಿ ಉಳಿಸೋದು ನನಗೆ ಬಿಡಿ." ಎರಡುಸಿರಣ್ಣ ಪೆನ್ನು ತೆಗೆದುಕೊಂಡು, ಅದರ ಮೊನೆ ಪರೀಕ್ಷಿಸಿ, ಮೇಜಿನ ಮೇಲೆ ವಾಪಸಿಟ್ಟು, "ಕಣ್ಣು ಚೆನ್ನಾಗೇ ಇದೆಯಲ್ಲಪ್ಪ" ಎಂದರಂತೆ.

ಮನೆಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡರು. "ಸೂಜಿಗೆ ದಾರ ಪೋಣ್ಸೋಕೆ ನನ್ನ ಕರೀತೀರಿ, ಅಧ್ಯಕ್ಷರ ಮುಂದೆ ಮಾತ್ರ ಹದ್ದಿನ ಕಣ್ಣು ಬಂತಾ?" ಆದರೆ ಅಂಗಡಿ ತೆರವು ಮಾಡಿದ ದಿನ ಕನ್ನಡಿಯಿಂದ ಶಿಲುಬೆಯನ್ನು ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ, ಬೀದಿಯುದ್ದಕ್ಕೂ ತಲೆಯೆತ್ತಿ ನಡೆದು ಮನೆಗೆ ತಂದವರೂ ಆಕೆಯೇ.

ಎರಡು ತಿಂಗಳು ನಾನು ಅತ್ತ ತಲೆ ಹಾಕಲಿಲ್ಲ. ಕೊನೆಗೆ ಗಡ್ಡಕ್ಕಿಂತ ಹೆಚ್ಚಾಗಿ ಮನಸ್ಸು ಕೆರೆಯತೊಡಗಿದಾಗ ಅವರ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ, ಹೆಂಡತಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ, ಅದೇ ಕುರ್ಚಿ. "ಬನ್ನಿ ಮೇಷ್ಟ್ರೇ" ಎಂದು ಕೂರಿಸಿ, ನೊರೆ ಬಳಿದು, ಕತ್ತಿ ಮಡಿಚಿ ಕಣ್ಣು ಮುಚ್ಚಿದರು. ಒಂದು ಉಸಿರಾಯಿತು, ಎರಡಾಯಿತು. ಕಣ್ಣು ತೆರೆಯಲಿಲ್ಲ. ಮೂರಾಯಿತು, ನಾಲ್ಕಾಯಿತು. ಐದನೆಯದು ಮುಗಿದ ಮೇಲೆ ಕಣ್ಣು ತೆರೆದು, ಒಂದು ಗೀರೂ ಬೀಳದಂತೆ ಕ್ಷೌರ ಮಾಡಿದರು.

ಮುಖ ಒರೆಸಿಕೊಳ್ಳುತ್ತ ಬಾಯಿಬಿಟ್ಟೆ: "ಆ ಕಾಗದದಲ್ಲಿ ನನ್ನ ರುಜೂನೂ ಇತ್ತು ಅಣ್ಣ."

"ನೋಡ್ದೆ. ದುಂಡಕ್ಷರ."

"ಅದಕ್ಕೇ ಇವತ್ತು ನನಗೋಸ್ಕರ ಜಾಸ್ತಿ ಹೊತ್ತು ಬೇಡ್ಕೊಂಡ್ರಾ?"

"ನಿಮಗೋಸ್ಕರ ಯಾಕೆ ಮೇಷ್ಟ್ರೇ? ಈ ಕೈಗೋಸ್ಕರ. ಕೂತವನು ಯಾರೇ ಆಗ್ಲಿ, ಎದೇಲಿರೋ ಸಿಟ್ಟು ಬೆರಳಿಗೆ ಇಳೀಬಾರ್ದು. ದಿನಾ ಕೇಳೋದೂ ಅದನ್ನೇ. ಬೇರೆಯವರಿಗೆ ಎರಡುಸಿರು ಸಾಕು, ಇವತ್ತು ಐದು ಬೇಕಾಯ್ತು. ಅಷ್ಟೇ ತಾನೆ?"

ಇಂಥವರು ಎಲ್ಲ ಬೀದಿಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಕಾಲ ಅನುಕೂಲವಾಗಿದ್ದಾಗ ಅವರ ವಿಶ್ವಾಸ ನಮಗೆ ತಮಾಷೆ, ಪ್ರತಿಕೂಲವಾದಾಗ ಹಠಮಾರಿತನ. ಅವರು ಬಿಟ್ಟುಕೊಡಲೊಪ್ಪದ್ದು ಎರಡುಸಿರಿನಷ್ಟು ಸಣ್ಣದೆಂದು ನಾವು ನಗುತ್ತೇವೆ. ಅಷ್ಟು ದಿನ ಅವರ ಕೈಗೆ ನಮ್ಮ ಕುತ್ತಿಗೆಯನ್ನು ನಿಶ್ಚಿಂತೆಯಿಂದ ಒಪ್ಪಿಸಿದ್ದು ಆ ಸಣ್ಣದರ ಬಲದಿಂದಲೇ ಎಂಬುದು, ಅದಕ್ಕೆ ವಿರುದ್ಧವಾಗಿ ರುಜು ಹಾಕಿದ ಮೇಲೆ ತಿಳಿಯುತ್ತದೆ.